ಕಿಟ್ ಕೊಟ್ಟು ಬಂದೆವು, ದೋಣಿ ಎತ್ತಿ ಕೊಟ್ಟೆವೇ?

2025ರ ಅಕ್ಟೋಬರ್ 28ರ ರಾತ್ರಿ ಮೊಂತಾ ಚಂಡಮಾರುತ ಆಂಧ್ರದ ಕಾಕಿನಾಡ ಆಸುಪಾಸಿನ ಕರಾವಳಿಗೆ ಅಪ್ಪಳಿಸಿತು. ಮಂಗಳೂರು, ಉಳ್ಳಾಲ ಕಡೆಯ ನಮಗೆ ಅದು ಬಂಗಾಳ ಕೊಲ್ಲಿಯ ಗಾಳಿ, ಯಾರದೋ ಕಡಲಿನ ಸಂಗತಿ. ಟಿವಿಯಲ್ಲಿ ನೋಡಿದೆವು, ಮರೆತೆವು. ಆದರೆ ಕಲಬುರಗಿಯವರು ಹಾಗೆ ಮರೆಯುವಂತಿಲ್ಲ. ಕಾಕಿನಾಡದಲ್ಲಿ ದಡ ಹತ್ತಿದ ಗಾಳಿ ತಮ್ಮ ಹೊಲದ ತನಕ ಬರುತ್ತದೆ ಎಂಬುದನ್ನು ಅವರು 2020ರಲ್ಲಿ ಕಣ್ಣಾರೆ ಕಂಡಿದ್ದಾರೆ.

2020ರ ಅಕ್ಟೋಬರ್ 13ರ ಬೆಳಗ್ಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಇದೇ ಕಾಕಿನಾಡದ ಬಳಿ ದಡ ದಾಟಿತು. ಹೆಸರಿಡುವಷ್ಟು ದೊಡ್ಡ ಚಂಡಮಾರುತವೂ ಅದಾಗಿರಲಿಲ್ಲ. ಆದರೂ ತೆಲಂಗಾಣ ಹಾದು, ಹೈದರಾಬಾದನ್ನು ಮುಳುಗಿಸಿ, ಉತ್ತರ ಕರ್ನಾಟಕದ ಮೇಲೆ ಮಳೆ ಸುರಿಸುತ್ತಾ ಮಹಾರಾಷ್ಟ್ರಕ್ಕೆ ಹೋಯಿತು. ಕಲಬುರಗಿ ಜಿಲ್ಲೆಗೆ ಮೊದಲು ಆಕಾಶದಿಂದ ನೀರು ಬಂತು. ಆಮೇಲೆ ಮಹಾರಾಷ್ಟ್ರದ ಜಲಾಶಯಗಳಿಂದ ಭೀಮೆಗೆ ಬಿಟ್ಟ ನೀರು ಬಂತು. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಜನರನ್ನು ಹೊರತರಲು ಎನ್‌ಡಿಆರ್‌ಎಫ್ ಬಂತು, ಸೇನೆ ಬಂತು. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ವಿಮಾನದಿಂದ ಸಮೀಕ್ಷೆ ಮಾಡಿದರು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ ಕಥೆ. ಮರಾಠವಾಡ, ಸೊಲ್ಲಾಪುರ ಕಡೆ ಮಳೆ ಹೊಡೆದು ಭೀಮೆ ಉಕ್ಕಿತು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮೇಲಿನಿಂದ ನೋಡಿ ಬಂದರು.

ಎರಡೂ ಸಲ ಹೆಚ್ಚು ಚರ್ಚೆಯಾದದ್ದು ಬೆಳೆ ಪರಿಹಾರ. ಆಗಬೇಕಾದ್ದೇ. ಈ ಸಲ ರಾಜ್ಯ ಸರ್ಕಾರ ಕೇಂದ್ರದ ಮಾನದಂಡದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿತು. ಅಂದರೆ ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ. ಅದು ಸಾಕೋ ಸಾಲದೋ ಎಂದು ಊರೂರಲ್ಲಿ ವಾದ ನಡೆಯಿತು. ಆದರೆ ಹೊಳೆಯನ್ನೇ ನಂಬಿ ಬದುಕುವವನ ತೆಪ್ಪ ಎಲ್ಲಿ ಹೋಯಿತು, ಬಲೆ ಏನಾಯಿತು ಎಂದು ಕೇಳಿದವರು ಬಹಳ ಕಡಿಮೆ. ಈ ವಾರ ನಾವು ಮಾತಾಡಲು ಹೊರಟಿರುವುದು ಅದರ ಬಗ್ಗೆ.

ಬ್ಯಾರಿಗಳಿಗೂ ಕಲಬುರಗಿಯ ತೆಪ್ಪಕ್ಕೂ ಎಂತ ಸಂಬಂಧ ಎಂದು ಕೆಲವರು ಕೇಳಬಹುದು. ಖ್ವಾಜಾ ಬಂದೇನವಾಝರ ದರ್ಗಾಕ್ಕೆ ಹೋಗಿ ಬಂದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಓದಲು, ವ್ಯಾಪಾರಕ್ಕೆ ಹೋದವರಿದ್ದಾರೆ. ಆದರೆ ಅದಕ್ಕಿಂತ ಹತ್ತಿರದ ಸಂಬಂಧ ಬೇರೆ ಇದೆ. ದೋಣಿ ಹೋದ ಮನೆಯ ಒಲೆ ಹೇಗಿರುತ್ತದೆ ಎಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ದಿನ ಮತ್ತು ಹದಿನೈದನೇ ದಿನ

ಒಂದು ಮಾತು ಒಪ್ಪಿಕೊಂಡು ಮುಂದುವರಿಯೋಣ. ನೆರೆ ಬಂದಾಗ ನಮ್ಮ ಜಮಾಅತ್‌ಗಳು, ಯುವಕರ ಸಂಘಟನೆಗಳು ಓಡುತ್ತವೆ. 2018ರಲ್ಲಿ ಕೊಡಗಿಗೂ ಕೇರಳಕ್ಕೂ ಓಡಿದ್ದೇವೆ, 2019ರಲ್ಲಿ ಉತ್ತರ ಕರ್ನಾಟಕಕ್ಕೂ ಲಾರಿ ಕಳಿಸಿದ್ದೇವೆ. ಅಕ್ಕಿ, ಬೇಳೆ, ಚಾಪೆ, ಕಂಬಳಿ, ಸಾಬೂನು ಎಲ್ಲ ಸೇರಿಸಿ ಒಂದು ಕಿಟ್. ಕೊಟ್ಟು, ಒಂದು ಫೋಟೊ ತೆಗೆದು, ರಾತ್ರಿ ಬಸ್ಸಿಗೆ ವಾಪಸ್. ಇದನ್ನು ಹಗುರ ಮಾಡುವ ಉದ್ದೇಶ ನಮ್ಮದಲ್ಲ. ಹಸಿದವನಿಗೆ ಆ ಹೊತ್ತಿನ ಅನ್ನ ದೊಡ್ಡದು. ಆದರೆ ಕಿಟ್ಟಿನ ಅಕ್ಕಿ ಹದಿನೈದು ದಿನಕ್ಕೆ ಮುಗಿಯುತ್ತದೆ. ಆ ಹದಿನೈದನೇ ದಿನ ಅಲ್ಲಿ ಯಾರಿರುತ್ತಾರೆ?

ಆ ದಿನದ ಚಿತ್ರ ನೋಡಿ. ಭೀಮೆ ಇಳಿದಿದೆ. ಕಡಲಲ್ಲಾದರೆ ಉಬ್ಬರ ಇಳಿತ ಇದೆ, ಸಿಕ್ಕಿಬಿದ್ದ ದೋಣಿಯನ್ನು ಉಬ್ಬರದ ಹೊತ್ತು ನೋಡಿ ಎಳೆಯಬಹುದು. ಹೊಳೆಯಲ್ಲಿ ಹಾಗಿಲ್ಲ. ನೀರು ಒಮ್ಮೆ ಇಳಿಯಿತು ಅಂದರೆ ಇಳಿಯಿತು. ತೆಪ್ಪ ಯಾವುದೋ ಜಾಲಿಮುಳ್ಳಿನ ಪೊದೆಯಲ್ಲಿ, ಹೊಳೆಯಿಂದ ಅರ್ಧ ಮೈಲಿ ದೂರದ ಹೊಲದಲ್ಲಿ, ಮೊಣಕಾಲುದ್ದ ಕಪ್ಪು ಕೆಸರಿನಲ್ಲಿ ಕೂತಿರುತ್ತದೆ. ಬಿದಿರಿನ ಹರಗೋಲಾದರೆ ಅಡಿ ಹರಿದಿರುತ್ತದೆ. ಫೈಬರ್ ದೋಣಿಯಾದರೆ ಬಿರುಕು ಬಿಟ್ಟಿರುತ್ತದೆ. ಮನೆಯಲ್ಲಿ ಗಂಡಸು ಇಬ್ಬರಿದ್ದರೆ ಅದನ್ನು ಎತ್ತಲಾಗದು. ಹತ್ತು ಜನ ಬೇಕು, ಹಗ್ಗ ಬೇಕು, ಒಂದು ಟ್ರ್ಯಾಕ್ಟರ್ ಬೇಕು. ನೆರೆಯವರೂ ತಮ್ಮ ತಮ್ಮ ಮನೆಯ ಕೆಸರು ತೆಗೆಯುತ್ತಿರುತ್ತಾರೆ. ಕರೆದರೆ ಬರುವವರು ಯಾರು?

ನಮ್ಮ ಕಡಲ ತೀರದಲ್ಲಿ ಇದಕ್ಕೊಂದು ರೂಢಿಯಿದೆ. ಅಳಿವೆಯಲ್ಲಿ ನಾಡದೋಣಿ ಮಗುಚಿದರೆ ಯಾರದು, ಯಾವ ಜಾತಿಯವನದು ಎಂದು ಕೇಳುವ ಕ್ರಮ ಇಲ್ಲ. ಹತ್ತಿರದ ದೋಣಿ ಹಗ್ಗ ಎಸೆಯುತ್ತದೆ, ದಡದಲ್ಲಿದ್ದವರು ಎಳೆಯುತ್ತಾರೆ. 2020ರ ನವೆಂಬರ್ 30ರ ರಾತ್ರಿ ಮಂಗಳೂರಿನ ಕಡಲಲ್ಲಿ ‘ಶ್ರೀರಕ್ಷಾ’ ಪರ್ಸೀನ್ ಬೋಟು ಮಗುಚಿದ್ದು ನೆನಪಿರಬಹುದು. ಅದರಲ್ಲಿದ್ದ 25 ಮಂದಿಯಲ್ಲಿ 19 ಮಂದಿ ಬದುಕುಳಿದರು, ಆರು ಮಂದಿ ತೀರಿಹೋದರು. ತೀರಿಹೋದವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಏಳು ಮೀನುಗಾರರೊಂದಿಗೆ ಕಾಣೆಯಾದಾಗ ಕರಾವಳಿಯ ಮೀನುಗಾರರೆಲ್ಲ ರಸ್ತೆಗಿಳಿದು ಹುಡುಕಿ ಎಂದು ಕೇಳಿದರು. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣ ಬಳಿ ಕಡಲಡಿಯಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಬೋಟು ಸಿಕ್ಕಿದ್ದರಿಂದ ಆ ಏಳು ಜೀವ ಬರಲಿಲ್ಲ. ಆದರೂ ಏನಾಯಿತು ಎಂದು ಮನೆಯವರಿಗೆ ತಿಳಿಯುವುದು ಬೇಡವೇ? ಬೋಟು ಹುಡುಕಿ ತರುವುದು ಬರೀ ಸೊತ್ತಿನ ಪ್ರಶ್ನೆಯಲ್ಲ ಎನ್ನಲು ಇದೊಂದು ಉದಾಹರಣೆ ಸಾಕು.

ದೋಣಿಗೆ ಸರ್ಕಾರ ಕಟ್ಟುವ ಬೆಲೆ

ಈಗ ಲೆಕ್ಕಕ್ಕೆ ಬರೋಣ. ವಿಪತ್ತು ಪರಿಹಾರ ನಿಧಿಯ ಹಣ ಹೇಗೆ ಕೊಡಬೇಕು ಎಂಬುದಕ್ಕೆ ಕೇಂದ್ರ ಗೃಹ ಇಲಾಖೆಯ ಮಾನದಂಡವಿದೆ. 2022ರಿಂದ 2026ರ ತನಕದ ಪಟ್ಟಿಯಲ್ಲಿ ಮೀನುಗಾರರ ಬಾಬತ್ತು ಹೀಗಿತ್ತು: ದೋಣಿ ಭಾಗಶಃ ಹಾಳಾದರೆ ರಿಪೇರಿಗೆ 6,000 ರೂಪಾಯಿ. ಪೂರ್ತಿ ಹೋದರೆ 15,000. ಬಲೆ ಹರಿದರೆ 3,000, ಪೂರ್ತಿ ಹೋದರೆ 4,000. ಇದಕ್ಕೂ ಹಿಂದಿನ ಪಟ್ಟಿಯಲ್ಲಿ, ಅಂದರೆ 2020ರ ನೆರೆಯ ಹೊತ್ತಿಗೆ, ಪೂರ್ತಿ ಹೋದ ದೋಣಿಗೆ 9,600, ರಿಪೇರಿಗೆ 4,100 ಇತ್ತು.

ನಮ್ಮ ದಕ್ಕೆಯಲ್ಲಿ ಯಾರನ್ನಾದರೂ ಕೇಳಿ. ನಾಡದೋಣಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಒಂದಕ್ಕೇ ಲಕ್ಷ ರೂಪಾಯಿಗೂ ಮಿಕ್ಕಿ ಬೇಕು. ದೋಣಿಯ ಬೆಲೆ ಬೇರೆ, ಬಲೆಯ ಬೆಲೆ ಬೇರೆ. ಹದಿನೈದು ಸಾವಿರಕ್ಕೆ ಕಡಲಲ್ಲಿ ಬದುಕು ಶುರುಮಾಡಲು ಆಗುವುದಿಲ್ಲ. ಭೀಮೆಯ ದಂಡೆಯ ತೆಪ್ಪ ಅಷ್ಟು ದುಬಾರಿ ಅಲ್ಲ ಅನ್ನಬಹುದು, ನಿಜ. ಆದರೆ ಅಲ್ಲಿ ಬೇರೆ ತೊಂದರೆಯಿದೆ. ಕಡಲ ಬೋಟಿಗೆ ನೋಂದಣಿ ಸಂಖ್ಯೆ ಇದೆ, ಪಾಸ್ ಇದೆ, ಡೀಸೆಲ್ ಸಬ್ಸಿಡಿಯ ಪುಸ್ತಕ ಇದೆ. ಬೋಟು ಇತ್ತು ಎನ್ನಲು ನಾಲ್ಕು ಕಾಗದ ತೋರಿಸಬಹುದು. ತೆಪ್ಪದವನ ಬಳಿ ಎಂತ ಉಂಟು? ತೆಪ್ಪವೇ ಅವನ ದಾಖಲೆ, ಅದನ್ನೇ ಹೊಳೆ ಒಯ್ದಿದೆ.

ಇನ್ನೊಂದು ಸಿಕ್ಕು ಮಹಜರಿನದು. ಹಾಳಾದದ್ದನ್ನು ಅಧಿಕಾರಿ ಬಂದು ನೋಡಿ ಬರೆದುಕೊಂಡ ಮೇಲೆ ಪರಿಹಾರ. ಅಧಿಕಾರಿ ಬರುವ ಮೊದಲು ದೋಣಿ ಎತ್ತಿ ದಡಕ್ಕೆ ತಂದರೆ ‘ಇದು ಸರಿ ಇದೆಯಲ್ಲ’ ಎಂದಾರೋ ಎಂಬ ಭಯ. ಎತ್ತದೆ ಬಿಟ್ಟರೆ ಇರುವುದೂ ಹಾಳು. ಎಂಜಿನ್ ವಿಷಯದಲ್ಲಂತೂ ಗಂಟೆಗಳೇ ಮುಖ್ಯ. ನೀರಲ್ಲಿ ಮುಳುಗಿದ ಎಂಜಿನ್ ಮೇಲೆತ್ತಿ ಸುಮ್ಮನೆ ಬಿಸಿಲಿಗಿಟ್ಟರೆ ತುಕ್ಕು ಹಿಡಿಯತೊಡಗುತ್ತದೆ. ಎತ್ತಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಪ್ಲಗ್ ಬಿಚ್ಚಿ ಒಳಗಿನ ನೀರು ತೆಗೆದು, ಎಣ್ಣೆ ಕೊಟ್ಟು ಮೆಕ್ಯಾನಿಕ್‌ಗೆ ಒಪ್ಪಿಸಬೇಕು. ಇದು ನಮ್ಮ ಹುಡುಗರಿಗೆ ಗೊತ್ತಿರುವ ಕೆಲಸ. ಹೊಲದ ಪಂಪ್‌ಸೆಟ್ ಎಂಜಿನ್ನಿಗೂ ಇದೇ ನಿಯಮ. ಅಂಥ ನಾಲ್ಕು ಜನ ಸ್ವಯಂಸೇವಕರು ಸರಿಯಾದ ದಿನ ಅಲ್ಲಿದ್ದರೆ ಉಳಿಯುವುದು ನೂರು ಕಿಟ್ಟಿಗಿಂತ ಹೆಚ್ಚಿನದು.

ಕೇರಳದಲ್ಲಿ ಆದದ್ದು

2018ರ ಆಗಸ್ಟ್ ನಮಗೆಲ್ಲ ನೆನಪಿದೆ. ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿ ಚೆಂಗನ್ನೂರು, ಆಲುವಾ ಕಡೆ ಓಡಿದರು. ಅಲ್ಲಿನ ಸರ್ಕಾರ ಕೊಟ್ಟ ಲೆಕ್ಕದಂತೆ 4,537 ಮೀನುಗಾರರು 669 ದೋಣಿಗಳಲ್ಲಿ ಸುಮಾರು 65,000 ಜನರನ್ನು ಉಳಿಸಿದರು. ಹೆಂಗಸರು ದೋಣಿ ಹತ್ತಲೆಂದು ನೀರಲ್ಲಿ ಬಾಗಿ ಬೆನ್ನು ಕೊಟ್ಟ ಮಲಪ್ಪುರಂನ ಮೀನುಗಾರನ ವಿಡಿಯೊ ನಮ್ಮ ಫೋನುಗಳಲ್ಲಿ ಓಡಾಡಿತು.

ಆದರೆ ಆ ವಿಡಿಯೊದಲ್ಲಿ ಕಾಣದ ಭಾಗ ಒಂದಿದೆ. ಕಡಲಿಗೆ ಮಾಡಿದ ದೋಣಿ ರಸ್ತೆಯಲ್ಲಿ, ಅಂಗಳದಲ್ಲಿ ಓಡಿತು. ನೀರಡಿಯ ಕಾಂಪೌಂಡಿಗೆ, ಗೇಟಿನ ಕಂಬಕ್ಕೆ ಬಡಿಯಿತು. ಅಡಿ ಒಡೆಯಿತು, ಎಂಜಿನ್ ಕೆಟ್ಟಿತು. ಕೇರಳ ಸರ್ಕಾರ ದೋಣಿಗೆ ದಿನಕ್ಕೆ 3,000 ರೂಪಾಯಿ ಮತ್ತು ಇಂಧನದ ಖರ್ಚು ಕೊಡುತ್ತೇವೆ, ಹಾಳಾದ ದೋಣಿಗಳ ರಿಪೇರಿ ಮಾಡಿಸುತ್ತೇವೆ ಎಂದು ಘೋಷಿಸಿತು. ಆಗ ಕೊಚ್ಚಿಯ ಒಬ್ಬ ಯುವ ಮೀನುಗಾರ ಜೀವ ಉಳಿಸಿದ್ದಕ್ಕೆ ನಮಗೆ ಹಣ ಬೇಡ, ಆದರೆ ಒಡೆದ ದೋಣಿ ಸರಿಮಾಡಿಸಿಕೊಡುವ ಮಾತು ಒಳ್ಳೆಯದು ಎಂಬರ್ಥದಲ್ಲಿ ಹೇಳಿದ್ದು ಸುದ್ದಿಯಾಯಿತು. ನಾವು ಆ ಮಾತಿನ ಮೊದಲರ್ಧಕ್ಕೆ ಚಪ್ಪಾಳೆ ತಟ್ಟಿದೆವು. ಎರಡನೇ ಅರ್ಧವೇ ಇವತ್ತಿನ ವಿಷಯ.

ಹಿಂದಿನ ವರ್ಷ, 2017ರ ನವೆಂಬರ್ ಕೊನೆಗೆ ಒಖಿ ಚಂಡಮಾರುತ ಬಂದಿತ್ತು. ಅಧಿಕೃತ ಹುಡುಕಾಟ ಸಾಲದು ಎನಿಸಿದಾಗ ತಿರುವನಂತಪುರದ ಮೀನುಗಾರರು ತಮ್ಮ ದೋಣಿ ತೆಗೆದುಕೊಂಡು ತಾವೇ ಕಡಲಿಗೆ ಹೋದರು. ಹೀಗೆ ಹೋಗುವವರಿಗೆ ಡೀಸೆಲ್ ಯಾರದು? ಅಂದಿನ ದುಡಿಮೆ ಬಿಟ್ಟದ್ದಕ್ಕೆ ಮನೆಗೆ ಏನು? ದೋಣಿ ಒಡೆದರೆ ಯಾರ ತಲೆಗೆ? ಸ್ವಯಂಸೇವೆ ಅಂದರೆ ಧರ್ಮಕ್ಕೆ ಮಾಡುವುದು ಎಂದು ಹೇಳಿ ಈ ಪ್ರಶ್ನೆಗಳನ್ನು ಬದಿಗಿಡುವುದು ಸುಲಭ. ಆದರೆ ಬಡವನ ದೋಣಿ ಮುರಿಸಿ ಪುಣ್ಯ ಕಟ್ಟಿಕೊಳ್ಳುವುದು ಸರಿಯಾ?

ಕಮಲಾಪುರಕ್ಕೆ ದೋಣಿ ಯಾಕೆ?

ಕಲಬುರಗಿ ನಗರದಿಂದ ಹುಮನಾಬಾದ್ ದಾರಿಯಲ್ಲಿ ಹೋದರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಈಗ ತಾಲೂಕು ಕೇಂದ್ರ. ಭೀಮಾ ನದಿ ಅಲ್ಲಿ ಹರಿಯುವುದಿಲ್ಲ. ಹಾಗಾದರೆ ಅಲ್ಲಿ ದೋಣಿಯ ಮಾತು ಯಾಕೆ?

ಯಾಕೆಂದರೆ ಅಲ್ಲಿ ಗುಡ್ಡವಿದೆ, ಹಳ್ಳವಿದೆ. ಬೆಳಕೋಟಾದ ಬಳಿ ಗಂಡೋರಿ ನಾಲಾ ಜಲಾಶಯವಿದೆ. ಮಳೆ ಹೆಚ್ಚಾಗಿ ಗೇಟು ತೆಗೆದರೆ ಆ ನೀರು ಬೆಣ್ಣೆತೊರೆಗೆ, ಬೆಣ್ಣೆತೊರೆಯಿಂದ ಕಾಗಿಣಾಕ್ಕೆ, ಕಾಗಿಣಾದಿಂದ ಭೀಮೆಗೆ. ಭೀಮೆಯ ನೆರೆ ನಿಧಾನದ್ದು. ಮಹಾರಾಷ್ಟ್ರದ ಉಜನಿಯಲ್ಲಿ ನೀರು ಬಿಟ್ಟದ್ದು ಇಲ್ಲಿಗೆ ಮುಟ್ಟುವ ಮೊದಲು ಎಚ್ಚರಿಕೆ ಕೊಡಲು ಹೊತ್ತಿರುತ್ತದೆ, ಹೊರಗಿನ ತಂಡ ಕರೆಸಲೂ ಹೊತ್ತಿರುತ್ತದೆ. ಹಳ್ಳದ ನೆರೆ ಹಾಗಲ್ಲ. ಸಂಜೆ ಮಳೆ ಹೊಡೆದರೆ ರಾತ್ರಿ ಊರೊಳಗೆ, ಬೆಳಗ್ಗೆ ಇಳಿದೂ ಹೋಗಿರುತ್ತದೆ. ಕರ್ನಾಟಕ ನೋಡಿಕೊಳ್ಳುವ ಎನ್‌ಡಿಆರ್‌ಎಫ್ ಬೆಟಾಲಿಯನ್‌ನ ನೆಲೆ ಆಂಧ್ರದ ವಿಜಯವಾಡದ ಹತ್ತಿರ. ಮಳೆಗಾಲದಲ್ಲಿ ತಂಡಗಳನ್ನು ಮೊದಲೇ ಅಲ್ಲಲ್ಲಿ ನಿಲ್ಲಿಸುತ್ತಾರೆ ಎಂದೇ ಇಟ್ಟುಕೊಳ್ಳೋಣ, ಆದರೂ ಒಂದು ರಾತ್ರಿಯ ಹಳ್ಳದ ನೀರಿಗೆ ಅವರು ಕಾಲಕ್ಕೆ ಮುಟ್ಟುವುದು ಕಷ್ಟ. ಆ ರಾತ್ರಿ ಕಮಲಾಪುರದ ಹಳ್ಳಿಯಲ್ಲಿ ಇರುವವರು ಅಲ್ಲಿನವರೇ. ಅವರ ಕೈಯಲ್ಲಿ ಇರುವುದು ಟ್ರ್ಯಾಕ್ಟರ್ ಟ್ಯೂಬು, ಹಗ್ಗ, ಮತ್ತು ಈಜು ಬಲ್ಲ ನಾಲ್ಕು ಹುಡುಗರು.

ನೀರು ಇಳಿದ ಮೇಲೂ ಅಷ್ಟೇ. ಕಮಲಾಪುರದಲ್ಲಿ ದೋಣಿ ಹೋದವರು ಕಡಿಮೆ ಇರಬಹುದು. ಹಳ್ಳದ ದಂಡೆಯ ಪಂಪ್‌ಸೆಟ್ ಮಣ್ಣಲ್ಲಿ ಹೂತುಹೋದವರು, ಪೈಪು ಕೊಚ್ಚಿಹೋದವರು ಇರುತ್ತಾರೆ. ಮೀನುಗಾರನಿಗೆ ದೋಣಿ ಹೇಗೋ ಬಾಳೆ ಬೆಳೆಯುವವನಿಗೆ ಆ ಮೋಟಾರು ಹಾಗೆ. ಅದನ್ನು ಎತ್ತಿ, ತೊಳೆದು, ಒಣಗಿಸಿ, ಕಾಯಿಲ್ ಸುತ್ತಿಸಿ ಕೊಡುವುದೂ ದೋಣಿ ಎತ್ತಿ ಕೊಟ್ಟಂತೆಯೇ.

ಕಾನೂನಲ್ಲಿ ಇರುವುದು, ನಾವು ಕೇಳದೆ ಇರುವುದು

ಸರ್ಕಾರದ ಹತ್ತಿರ ಏನೂ ಇಲ್ಲ ಅನ್ನುವಂತಿಲ್ಲ. ಅದೇ ವಿಪತ್ತು ಪರಿಹಾರ ಮಾನದಂಡದಲ್ಲಿ ಜನರನ್ನು ಉಳಿಸಲು, ಪರಿಹಾರ ಸಾಮಗ್ರಿ ಸಾಗಿಸಲು ದೋಣಿ ಬಾಡಿಗೆಗೆ ಪಡೆದರೆ ಅದರ ನಿಜವಾದ ಖರ್ಚು ಕೊಡಲು ಅವಕಾಶವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ರಕ್ಷಣಾ ಕೆಲಸಕ್ಕೆ ವಾಹನ, ಸಾಮಗ್ರಿ ವಶಕ್ಕೆ ಪಡೆಯುವ ಅಧಿಕಾರವೂ ಇದೆ, ಹಾಗೆ ಪಡೆದದ್ದಕ್ಕೆ ಪರಿಹಾರ ಕೊಡಬೇಕೆಂಬ ಸೆಕ್ಷನ್ನೂ ಇದೆ. ‘ಆಪದಾ ಮಿತ್ರ’ ಎಂಬ ಕೇಂದ್ರದ ಯೋಜನೆಯಿದೆ. 2016ರಲ್ಲಿ 30 ಜಿಲ್ಲೆಗಳಲ್ಲಿ 6,000 ಸ್ವಯಂಸೇವಕರ ಗುರಿಯೊಂದಿಗೆ ಶುರುವಾಗಿ, 2021ರಲ್ಲಿ 350 ಜಿಲ್ಲೆಗಳಿಗೆ, ಒಂದು ಲಕ್ಷ ಜನರ ಗುರಿಗೆ ಹಿಗ್ಗಿತು. ತರಬೇತಿ ಕೊಡುತ್ತಾರೆ, ತುರ್ತು ಕಿಟ್ ಕೊಡುತ್ತಾರೆ, ಸ್ವಯಂಸೇವಕನಿಗೆ ವಿಮೆಯನ್ನೂ ಮಾಡಿಸುತ್ತಾರೆ.

ಆದರೆ ಕೊರತೆ ಎಲ್ಲಿದೆ ನೋಡಿ. ವಿಮೆ ಮನುಷ್ಯನಿಗೆ, ಅವನು ತಂದ ದೋಣಿಗಲ್ಲ. ದೋಣಿ ಬಾಡಿಗೆಯ ಅವಕಾಶ ಕಾಗದದಲ್ಲಿದೆ. ಆದರೆ ಯಾವ ಊರಲ್ಲಿ ಯಾರ ಬಳಿ ತೆಪ್ಪ ಇದೆ, ಯಾರಿಗೆ ಫೋನ್ ಮಾಡಬೇಕು ಎಂದು ಮಳೆಗಾಲದ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ನೆರೆಯ ರಾತ್ರಿ ಅದು ಪ್ರಯೋಜನಕ್ಕೆ ಬಾರದು. ಬಾಯಿಮಾತಿಗೆ ಓಡಿಬಂದವನಿಗೆ ಬಾಡಿಗೆ ಚೀಟಿ ಯಾರು ಬರೆದುಕೊಡುತ್ತಾರೆ?

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ, ಮೂರೇ. ಒಂದು, ಕಲಬುರಗಿಯ ಹೊಳೆದಂಡೆ ತಾಲೂಕುಗಳಲ್ಲೂ ಕಮಲಾಪುರದಂಥ ಹಳ್ಳದ ತಾಲೂಕುಗಳಲ್ಲೂ ಮೇ ತಿಂಗಳೊಳಗೆ ತೆಪ್ಪ, ದೋಣಿ, ಈಜುಗಾರ, ಅಂಬಿಗರ ಪಟ್ಟಿ ಪಂಚಾಯಿತಿಯಲ್ಲಿ ತಯಾರಾಗಲಿ. ಆ ಪಟ್ಟಿಯೇ ಮುಂದೆ ಪರಿಹಾರಕ್ಕೂ ದಾಖಲೆಯಾಗಲಿ. ಎರಡು, ರಕ್ಷಣೆಗೆ ಕರೆದ ದೋಣಿಗೆ ಇಂಧನ, ದಿನದ ಬಾಡಿಗೆ, ಹಾಳಾದರೆ ರಿಪೇರಿ, ಇದರ ಆದೇಶ ಮೊದಲೇ ಇರಲಿ. ಮೂರು, ಬೆಳೆಗೆ ಹೆಚ್ಚುವರಿ ಕೊಟ್ಟಂತೆ ದೋಣಿ, ಬಲೆಗೂ ರಾಜ್ಯ ತನ್ನ ಕಿಸೆಯಿಂದ ಸೇರಿಸಲಿ. ಕೇಂದ್ರದ 15,000 ಅಂದರೆ ಅದಕ್ಕಿಂತ ಹೆಚ್ಚು ಕೊಡಬಾರದು ಎಂದಲ್ಲ ಎಂಬುದನ್ನು ರೈತರ ವಿಷಯದಲ್ಲಿ ಸರ್ಕಾರವೇ ತೋರಿಸಿಕೊಟ್ಟಿದೆ.

ನಮ್ಮ ಪಾಲಿನ ಕೆಲಸ

ಸರ್ಕಾರಕ್ಕೆ ಹೇಳುವಾಗ ನಮಗೂ ಒಂದಿಷ್ಟು ಹೇಳಿಕೊಳ್ಳಬೇಕು. ಮಂಗಳೂರಿಂದ ಕಲಬುರಗಿಗೆ 600 ಕಿಲೋಮೀಟರಿಗೂ ಹೆಚ್ಚು ದಾರಿ. ನೆರೆಯ ರಾತ್ರಿ ನಮ್ಮ ದೋಣಿ ಅಲ್ಲಿ ಮುಟ್ಟುವುದಿಲ್ಲ, ಮುಟ್ಟಬೇಕೆಂದು ಹಠವೂ ಬೇಡ. ಜೂನ್ 1ರಿಂದ ಜುಲೈ 31ರ ತನಕ ಇಲ್ಲಿ ಮೀನುಗಾರಿಕೆಗೆ ರಜೆ. ಭೀಮೆಯ ದೊಡ್ಡ ನೆರೆ ಬಂದದ್ದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಇಲ್ಲಿ ಬೋಟಿಗೆ ಸೀಸನ್ ಇರುವಾಗ. ಕೆಲಸ ಬಿಟ್ಟು ಬನ್ನಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಆದರೆ ಅದೇ ಜೂನ್, ಜುಲೈಯಲ್ಲಿ ದಕ್ಕೆಯಲ್ಲಿ ಕೈಕಟ್ಟಿ ಕೂತ ನುರಿತ ಕೈಗಳು ಎಷ್ಟಿಲ್ಲ? ಫೈಬರ್ ಪ್ಯಾಚ್ ಹಾಕಬಲ್ಲವರು, ಎಂಜಿನ್ ಬಿಚ್ಚಬಲ್ಲವರು, ಬಲೆ ನೇಯಬಲ್ಲವರು, ಖಾಲಿ ಡ್ರಮ್ಮು ಕಟ್ಟಿ ಮುಳುಗಿದ ಬೋಟು ತೇಲಿಸಬಲ್ಲವರು. ನಾಲ್ಕು ಜನ ಒಂದು ವಾರ ಕಲಬುರಗಿಗೆ ಹೋಗಿ ಅಲ್ಲಿನ ಹುಡುಗರಿಗೆ ಈ ಕೆಲಸ ತೋರಿಸಿಕೊಟ್ಟು ಬಂದರೆ ಮುಂದಿನ ನೆರೆಗೆ ಅವರೇ ಸಾಕು. ಹೊಳೆಯ ಸುಳಿ, ಸೆಳೆತ ಅಲ್ಲಿನ ಅಂಬಿಗರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದನ್ನು ನಾವು ಅವರಿಂದ ಕಲಿತು ಬರಬಹುದು.

ನೆರೆ ನಿಧಿಗೆ ಹಣ ಸೇರಿಸುವ ಜಮಾಅತ್‌ಗಳಿಗೂ ಒಂದು ವಿನಂತಿ. ಸೇರಿದ ಹಣದಲ್ಲಿ ಒಂದು ಪಾಲನ್ನು ಮೊದಲ ವಾರ ಖರ್ಚು ಮಾಡದೆ ಎತ್ತಿಡಿ. ನೀರಿಳಿದು ಎಲ್ಲರೂ ವಾಪಸಾದ ಮೇಲೆ ಇಬ್ಬರನ್ನು ಮತ್ತೆ ಕಳಿಸಿ. ಯಾರ ತೆಪ್ಪ ಎಲ್ಲಿ ಬಿದ್ದಿದೆ, ಯಾರ ಬಲೆ ಹೋಗಿದೆ, ಯಾರ ಪಂಪ್‌ಸೆಟ್ ಹೂತಿದೆ ಎಂದು ಅವರು ಬರೆದುಕೊಳ್ಳಲಿ. ಎತ್ತುವ ಮೊದಲು ದಿನಾಂಕ ಸಹಿತ ಫೋಟೊ ತೆಗೆದು, ಗ್ರಾಮ ಲೆಕ್ಕಿಗರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಆಮೇಲೆ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿ, ಊರವರ ಜತೆ ಹಗ್ಗ ಹಿಡಿಯಲಿ. ಆಗಲೂ ಒಂದು ಫೋಟೊ ತೆಗೆಯಿರಿ, ಬೇಡ ಅನ್ನುವುದಿಲ್ಲ.

2025ರಲ್ಲಿ ಉಕ್ಕಿದ ಭೀಮೆ ಇಳಿದಾಯಿತು. ಕೆಸರಿನಲ್ಲಿ ಕೂತ ತೆಪ್ಪಗಳು ಇನ್ನೂ ಇದ್ದಾವು. ಸೆಪ್ಟೆಂಬರಿನಲ್ಲಿ ಕಿಟ್ ಹಿಡಿದುಕೊಂಡು ಹೋಗಿದ್ದವರ ಫೋನಿನಲ್ಲಿ ಆ ಊರಿನ ಯಾರದಾದರೂ ನಂಬರ್ ಇದ್ದೇ ಇರುತ್ತದೆ. ಇವತ್ತು ಒಮ್ಮೆ ಫೋನ್ ಮಾಡಿ ಕೇಳಿ ನೋಡಿ.